ನದಿ ದಾಟದ ಸಮನ್ಸು

ಪೋಸ್ಟ್ ಉದ್ದ ಐತಿ, ಬಿಡುವಾದಾಗ ಕೂತು ಓದ್ರಿ.

“ಕಂಪನಿ ಬ್ಯಾರೆ ರಾಜ್ಯದ್ದು, ಇಲ್ಲಿಂದ ಏನೂ ಮಾಡಾಕ ಬರಂಗಿಲ್ಲ.” ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗಿ, ಸೆಂಟ್ರಿಂಗಿನಿಂದ ಬಿದ್ದು ಬೆನ್ನು ಮುರಕೊಂಡು ಬಂದವರ ಮನೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳೀನೋ ಲೆಕ್ಕ ಇಲ್ಲ. ಮೇಸ್ತ್ರಿ ಹೇಳ್ತಾನ, ಊರ ಹಿರಿಯರು ಹೇಳ್ತಾರ, ಒಮ್ಮೊಮ್ಮೆ ಕರಿಕೋಟು ಹಾಕಿದವರೂ ಹೇಳ್ತಾರ. ಈ ಮಾತು ಒಂದು ಕಾಲಕ್ಕೆ ಖರೇ ಇತ್ತು. ಈಗ ಖರೇ ಅಲ್ಲ. ಯಾವಾಗ, ಹೆಂಗ ಬದಲಾತು ಅನ್ನೋದು ನಮ್ಮ ಸಭೆಗಳಲ್ಲಿ ಚರ್ಚೆಗೇ ಬರೂದಿಲ್ಲ. ನಾವು ಮೀಸಲಾತಿ, ಭೂಮಿ, ದೌರ್ಜನ್ಯ ತಡೆ ಕಾಯ್ದೆಯ ಇತಿಹಾಸ ಓದಿಕೊಂಡಷ್ಟು ಒಂದು ಸಮನ್ಸಿನ ಇತಿಹಾಸ ಓದಿಲ್ಲ. ಆದರೆ ಗಾಯಗೊಂಡ ಕೂಲಿಯವನ ಕೇಸು ಹೆಚ್ಚಾಗಿ ಸಾಯೋದು ಅಲ್ಲೇ. ವಾದ ಸೋತು ಸಾಯೂದಿಲ್ಲ, ಎದುರುಗಾರನಿಗೆ ಕಾಗದ ಮುಟ್ಟದೇ ಸಾಯ್ತದ.

ನಮ್ಮ ನೆಲದಿಂದಲೇ ಶುರು ಮಾಡೋಣ. 1948ರ ಸೆಪ್ಟೆಂಬರ್‌ವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಕೊಪ್ಪಳ ಅಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ತುಂಗಭದ್ರೆಯ ಆ ದಂಡೆಯ ಹೊಸಪೇಟೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ನದಿ ದಾಟಿ ಸಂತೆಗೆ ಹೋಗಿ ಸಂಜೆಗೆ ಮನೆಗೆ ಬರ್ತಿದ್ದ ನಮ್ಮ ಮಂದಿಗೆ ಅದು ಆಚೆ ದಂಡೆ ಅಷ್ಟೇ. ಕಾನೂನಿನ ಕಣ್ಣಿಗೆ ಅದು ಪರದೇಶ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಲೆಕ್ಕದಾಗ ಸಂಸ್ಥಾನಗಳ ನ್ಯಾಯಾಲಯ ಅಂದರೆ ‘ವಿದೇಶಿ ನ್ಯಾಯಾಲಯ’. ಅಲ್ಲಿಂದ ಹೊರಟ ಸಮನ್ಸು ಬ್ರಿಟಿಷ್ ಇಂಡಿಯಾದಾಗ ಜಾರಿ ಆಗಬೇಕಂದ್ರ ಸರ್ಕಾರದ ಪ್ರತ್ಯೇಕ ಅಧಿಸೂಚನೆ ಬೇಕು. ಮತ್ತ ನಿಜಾಮನ ಕೋರ್ಟಿನ ಕಾಗದ ಉರ್ದುವಿನಲ್ಲಿ, ಬಳ್ಳಾರಿ ಕೋರ್ಟಿನದು ಇಂಗ್ಲಿಷಿನಲ್ಲಿ. ಕನ್ನಡ ಬಿಟ್ಟು ಬ್ಯಾರೆ ಬಾರದ ಕೂಲಿಯವನು ಎರಡೂ ದಂಡಿ ಮೇಲೆ ಮೂಕ.

ಕಾಗದ ಹೆಂಗೋ ದಾಟಿತು ಅಂತ ಇಟ್ಟುಕೊಳ್ರಿ, ತೀರ್ಪು ದಾಟೂದು ಇನ್ನೂ ಕಷ್ಟ. ಇದಕ್ಕೆ ಬುನಾದಿ ಹಾಕಿದ್ದು 1894ರ ಒಂದು ತೀರ್ಪು. ಪಂಜಾಬದ ಫರೀದ್‌ಕೋಟ್ ಸಂಸ್ಥಾನದ ಕೋರ್ಟು, ರಾಜನ ಹಳೆಯ ಖಜಾಂಚಿಯ ಮೇಲೆ ಅವನ ಗೈರುಹಾಜರಿಯಲ್ಲಿ ಡಿಕ್ರಿ ಕೊಟ್ಟಿತ್ತು. ಆತ ಅಷ್ಟೊತ್ತಿಗೆ ಬೇರೆ ಸಂಸ್ಥಾನ ಸೇರಿಬಿಟ್ಟಿದ್ದ. ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದು ಇಷ್ಟು: ನಿನ್ನ ಸೀಮೆಯೊಳಗೆ ಇಲ್ಲದ, ನಿನ್ನ ಕೋರ್ಟನ್ನು ತಾನಾಗಿ ಒಪ್ಪಿಕೊಳ್ಳದ ಮನುಷ್ಯನ ಮೇಲೆ ನೀನು ಕೊಟ್ಟ ತೀರ್ಪು ಹೊರಗೆ ಬರೀ ಕಾಗದ. ಆ ಕೇಸಿನಾಗ ರಾಜ ಸೋತ, ಆದ್ದರಿಂದ ಕೇಳಾಕ ಚಲೋ ಅನ್ನಿಸ್ತದ. ಆದರೆ ರಾಜನಿಗೇ ದಾಟದ ಗಡಿ ಕಲ್ಲು ಒಡೆಯುವವನಿಗೆ ದಾಟೀತೇ?

ಈ ನಿಯಮದ ಬಾಲ ಎಷ್ಟು ಉದ್ದ ಅಂದರೆ, ಗ್ವಾಲಿಯರ್ ಸಂಸ್ಥಾನದ ಕೋರ್ಟು 1948ರಲ್ಲಿ ಕೊಟ್ಟ ಒಂದು ಏಕಪಕ್ಷೀಯ ಡಿಕ್ರಿಯನ್ನು ಅಲಹಾಬಾದಿನಲ್ಲಿ ಜಾರಿ ಮಾಡಲು ಬರುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 1962ರಲ್ಲೂ ಹೇಳಿತು. ಅಷ್ಟೊತ್ತಿಗೆ ಗ್ವಾಲಿಯರ್ ಸಂಸ್ಥಾನವೇ ಇರಲಿಲ್ಲ. ಸಂಸ್ಥಾನ ಹೋದರೂ ಅದರ ಬೇಲಿ ಉಳಿದಿತ್ತು.

ಈಗ ತುಂಗಭದ್ರಾ ಡ್ಯಾಮು ನೆನಪು ಮಾಡಿಕೊಳ್ರಿ. 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಮುನಿರಾಬಾದ್ ದಂಡೆ ಹೈದರಾಬಾದಿನದು, ಹೊಸಪೇಟೆ ದಂಡೆ ಮದ್ರಾಸಿನದು. ಒಂದೇ ಗೋಡೆ, ಎರಡು ಸರ್ಕಾರ, ಎರಡು ಕಾನೂನು. ಕಲ್ಲು ಹೊತ್ತವರು, ಸುಣ್ಣ-ಸುರ್ಕಿ ಕಲಸಿದವರು ಎರಡೂ ಕಡೆ ಓಡಾಡಿದರು. ಆ ಕಡೆಯ ಗುತ್ತಿಗೆದಾರನ ಕೆಳಗೆ ಕಾಲು ಕಳಕೊಂಡ ಈ ಕಡೆಯವನು ತನ್ನ ಊರ ಕೋರ್ಟಿಗೆ ಹೋಗಿದ್ದರೆ ಫರೀದ್‌ಕೋಟಿನ ಗೋಡೆಯೇ ಎದುರು ನಿಲ್ಲತಿತ್ತು. ಇಂದಿಗೂ ಡ್ಯಾಮ್ ನೋಡಾಕ ಹೋದವರು ನೀರು, ಗೇಟು, ಗಾರ್ಡನ್ ನೋಡಿ ಬರ್ತಾರ. ಆ ನಡುಗೋಡೆಯ ಮೇಲೆ ಒಂದು ದೇಶದ ಗಡಿ ಹಾದುಹೋಗಿತ್ತು ಅನ್ನೋದು ಯಾರಿಗೂ ಹೊಳೆಯೂದಿಲ್ಲ.

ಗಡಿ ಮುರಿದದ್ದು ಯಾರು? ಮೊದಲ ಹೊಡೆತ ಸಂವಿಧಾನದ್ದು. 261ನೇ ವಿಧಿಯನ್ನು ನಮ್ಮವರು ಭಾಷಣದಲ್ಲಿ ಎತ್ತಿದ್ದು ನಾ ಕೇಳಿಲ್ಲ. 14, 15, 17, 21 ಎಲ್ಲರಿಗೂ ಬಾಯಿಪಾಠ. 261ರ ಮೂರನೇ ಉಪವಿಧಿ ಹೇಳೋದು: ಭಾರತದ ಯಾವುದೇ ಭಾಗದ ಸಿವಿಲ್ ಕೋರ್ಟಿನ ಅಂತಿಮ ತೀರ್ಪನ್ನು ದೇಶದ ಯಾವ ಮೂಲೆಯಲ್ಲಾದರೂ ಕಾನೂನಿನಂತೆ ಜಾರಿ ಮಾಡಬಹುದು. ಬಾಬಾಸಾಹೇಬರ ಅಧ್ಯಕ್ಷತೆಯ ಕರಡು ಸಮಿತಿಯಿಂದ ಬಂದ ಸಂವಿಧಾನದಾಗ ಇಂಥ ಸದ್ದಿಲ್ಲದ ವಿಧಿಗಳು ಬಹಳ ಅದಾವು. ಆಮೇಲೆ 1951ರ ಏಪ್ರಿಲ್ 1ರಿಂದ ಸಿವಿಲ್ ಪ್ರೊಸೀಜರ್ ಕೋಡ್ ಹೈದರಾಬಾದಿಗೂ ವಿಸ್ತರಣೆಯಾತು. ಅಂದಿನಿಂದ ಹೊಸಪೇಟೆ ನಮಗೆ ಪರದೇಶ ಅಲ್ಲ, ‘ಬೇರೆ ರಾಜ್ಯ’. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, 1956ರ ನವೆಂಬರ್ 1ಕ್ಕೆ ನಾವೂ ಬಂದೆವು, ನದಿ ಬರೀ ನದಿಯಾತು. ಬೇರೆ ರಾಜ್ಯಕ್ಕೆ ಸಮನ್ಸು ಕಳಿಸುವ ದಾರಿ ಕೋಡಿನ 28ನೇ ಕಲಮಿನಲ್ಲಿ ಐತಿ: ನಮ್ಮ ಕೋರ್ಟು ಅಲ್ಲಿಯ ಕೋರ್ಟಿಗೆ ಕಳಿಸಬೇಕು, ಅಲ್ಲಿಯ ಕೋರ್ಟು ಅದನ್ನು ತನ್ನದೇ ಸಮನ್ಸು ಅಂದುಕೊಂಡು ಜಾರಿ ಮಾಡಿ ವರದಿ ವಾಪಸ್ ಕಳಿಸಬೇಕು. ಆ ವರದಿ ಬೇರೆ ಭಾಷೆಯಲ್ಲಿದ್ದರೆ ಹಿಂದಿ ಇಲ್ಲವೇ ಇಂಗ್ಲಿಷಿನ ಅನುವಾದ ಜೊತೆಗೆ ಬರಬೇಕು ಅಂತ 1976ರಲ್ಲಿ ಸೇರಿಸಿದರು. ಕನ್ನಡಕ್ಕೆ ಅಂತ ಯಾರೂ ಸೇರಿಸಲಿಲ್ಲ, ಇರಲಿ.

ಇಲ್ಲಿ ಒಂದು ಮಾತು ಹೇಳದೇ ಮುಂದ ಹೋಗಲಾರೆ. ಕಾಗದ ಮುಟ್ಟಿಸುವ ಕೆಲಸಕ್ಕೂ ನಮ್ಮ ಜಾತಿಗೂ ಹಳೆಯ ನಂಟು. ಊರಿನ ಓಲೆ ಹೊತ್ತು ಹತ್ತಾರು ಹರದಾರಿ ನಡೆದು ತಲುಪಿಸಿ, ಕಣದಾಗ ಒಂದಿಷ್ಟು ಆಯ ಬೇಡಿಕೊಂಡು ಬಂದವರು ನಮ್ಮ ಹೊಲೆಮಾದಿಗರ ಕೇರಿಯ ಹಿರಿಯರು. ಮಹಾರಾಷ್ಟ್ರದಾಗ ಇದೇ ಚಾಕರಿಗೆ ಮಹಾರ್ ವತನ ಅಂತ ಹೆಸರು. ಅದರ ಸಂಕೋಲೆ ಸಡಿಲಿಸಾಕ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು. ಹಲಗಿ ಬಡಿದು ಡಂಗುರ ಸಾರಿದವರೂ ನಾವೇ. ಈಗ ಸಿವಿಲ್ ಕೋಡಿನ 21ನೇ ಆರ್ಡರಿನ 54ನೇ ನಿಯಮ ತೆಗೆದು ನೋಡ್ರಿ. ಸಾಲಗಾರನ ಹೊಲಮನೆ ಜಪ್ತಿ ಮಾಡುವಾಗ ಆ ಜಾಗದಲ್ಲಿ ‘ಡೋಲು ಬಡಿದು ಅಥವಾ ರೂಢಿಯ ಬೇರೆ ರೀತಿಯಿಂದ’ ಸಾರಬೇಕು ಅನ್ನೋ ಅರ್ಥದ ಸಾಲು ಇವತ್ತಿಗೂ ಐತಿ. ಅದೇ ಕೋಡಿನ 29ನೇ ಆರ್ಡರು ಕಂಪನಿಗೆ ಸಮನ್ಸು ಕೊಡುವ ರೀತಿ ಹೇಳ್ತದ: ಕಾರ್ಯದರ್ಶಿಗೋ ನಿರ್ದೇಶಕನಿಗೋ ಮುಖ್ಯ ಅಧಿಕಾರಿಗೋ ಕೊಡಬೇಕು, ಇಲ್ಲಾಂದ್ರ ನೋಂದಾಯಿತ ಕಚೇರಿಯಲ್ಲಿ ಬಿಟ್ಟು ಬರಬೇಕು, ಇಲ್ಲಾಂದ್ರ ಅಂಚೆಯಲ್ಲಿ ಕಳಿಸಬೇಕು. ನಮ್ಮ ಮನೆ ಮುಂದ ಡೋಲು, ಅವರ ಮನೆಗೆ ಲಕೋಟೆ. ಆ ಡೋಲೂ ನಮ್ಮವನ ಕೈಯಾಗೇ!

ಕಂಪನಿ ಅನ್ನೋ ವಸ್ತುವಿಗೆ ಕೈಕಾಲು ಇಲ್ಲ, ಮನೆ ಇಲ್ಲ. ನಮ್ಮ ಪಕ್ಕದ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ, ಕೋಲಾರದ ಕೆಜಿಎಫ್‌ನಲ್ಲಿ ಚಿನ್ನ ತೆಗೆಸಿದ್ದು ಜಾನ್ ಟೇಲರ್ ಆಂಡ್ ಸನ್ಸ್ ಅನ್ನೋ ಲಂಡನ್ ಸಂಸ್ಥೆ. ಕೆಜಿಎಫ್‌ನ ಪಾತಾಳಕ್ಕೆ ಇಳಿದವರಲ್ಲಿ ಬಹಳಷ್ಟು ಜನ ತಮಿಳು ದಲಿತರು. ದೂಳು ಅವರ ಎದೆಯೊಳಗೆ, ಲಾಭದ ಲೆಕ್ಕದ ಪುಸ್ತಕ ಥೇಮ್ಸ್ ನದಿ ದಂಡೆಯಲ್ಲಿ. ಇಂಥ ಹೊರಗಿನ ಕಂಪನಿಗಳಿಗಾಗಿ 1913ರ ಕಂಪನಿ ಕಾಯ್ದೆಯೊಳಗೆ ಒಂದು ಕಲಮು ಬಂತು: ಬ್ರಿಟಿಷ್ ಇಂಡಿಯಾದಲ್ಲಿ ವ್ಯವಹಾರ ಮಾಡುವ ಹೊರಗಿನ ಕಂಪನಿ ತನ್ನ ಪರವಾಗಿ ಕೋರ್ಟಿನ ಕಾಗದ ತಗೊಳ್ಳಲು ಇಲ್ಲೇ ವಾಸಿಸುವ ಒಬ್ಬನ ಹೆಸರು, ವಿಳಾಸ ಬರೆದುಕೊಡಬೇಕು. ಕಂಪನಿಗೆ ಮುಖ ಇಲ್ಲದಿದ್ದರ ಒಂದು ಮುಖ ಬಾಡಿಗೆಗಾದರೂ ತಂದು ಇಡು ಅಂದಂಗ.

ಅಮೆರಿಕದಲ್ಲೂ ಇದೇ ತಲೆನೋವು ಇತ್ತು. ಪೆನ್ಸಿಲ್ವೇನಿಯದ ಒಬ್ಬ ಮ್ಯಾಸಚೂಸೆಟ್ಸ್ ರಾಜ್ಯದ ರಸ್ತೆಯಲ್ಲಿ ಕಾರು ಗುದ್ದಿಸಿ ತನ್ನ ರಾಜ್ಯಕ್ಕೆ ಹೋಗಿಬಿಟ್ಟ. ನಮ್ಮ ರಸ್ತೆ ಬಳಸಿದವನು ನಮ್ಮ ರಿಜಿಸ್ಟ್ರಾರನನ್ನೇ ತನ್ನ ಪರ ಕಾಗದ ತಗೊಳ್ಳುವವ ಅಂತ ಒಪ್ಪಿದಂತೆ ಅನ್ನುವ ಕಾಯ್ದೆಯನ್ನು ಆ ರಾಜ್ಯ ಮಾಡಿಕೊಂಡಿತ್ತು. 1927ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದು ಸರಿ ಅಂತು. ರಸ್ತೆ ಬೇಕು, ಜವಾಬ್ದಾರಿ ಬ್ಯಾಡ ಅಂದ್ರ ನಡೆಯಂಗಿಲ್ಲ ಅಂತ ಅರ್ಥ.

ಅದೇ ಅಮೆರಿಕದ ಕಂಪನಿ ನಮ್ಮ ದೇಶಕ್ಕೆ ಬಂದಾಗ ಏನಾತು? 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ. ಸತ್ತವರು ಕಾರ್ಖಾನೆಯ ಗೋಡೆಗೆ ಆತುಕೊಂಡ ಗುಡಿಸಲುಗಳ ಬಡವರು. ಭಾರತ ಸರ್ಕಾರ ನ್ಯೂಯಾರ್ಕಿಗೆ ಹೋಗಿ ಯೂನಿಯನ್ ಕಾರ್ಬೈಡ್ ಮೇಲೆ ದಾವೆ ಹಾಕಿತು. ಅಲ್ಲಿ ನಡೆದ ವಿಚಿತ್ರ ನೋಡ್ರಿ: ನಮ್ಮ ಕೋರ್ಟುಗಳಿಗೆ ಇಷ್ಟು ದೊಡ್ಡ ಕೇಸು ನಡೆಸುವ ಶಕ್ತಿ ಇಲ್ಲ ಅಂತ ನಮ್ಮ ಸರ್ಕಾರದ ವಾದ, ಭಾರತದ ಕೋರ್ಟುಗಳು ಸಮರ್ಥ ಅದಾವು ಅಂತ ಕಂಪನಿಯ ವಾದ! 1986ರ ಮೇ 12ರಂದು ನ್ಯಾಯಾಧೀಶ ಕೀನನ್ ಕೇಸನ್ನು ಅಲ್ಲಿಂದ ಕೈಬಿಟ್ಟರು, ಭಾರತದ ಕೋರ್ಟಿನ ಅಧಿಕಾರ ಒಪ್ಪಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ. 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿ ಮುಗೀತು. ಇನ್ನು ಕ್ರಿಮಿನಲ್ ಕೇಸು? ಭಾರತದ ಕೋರ್ಟುಗಳು ಸಮರ್ಥ ಅಂದಿದ್ದ ಆ ಕಂಪನಿ ಭೋಪಾಲದ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಟ್ಟೆ ಹತ್ತಲಿಲ್ಲ. 1992ರಲ್ಲಿ ವಾರನ್ ಆಂಡರ್ಸನ್ ತಲೆಮರೆಸಿಕೊಂಡವ ಅಂತ ಘೋಷಣೆಯಾತು, 2014ರಲ್ಲಿ ಆತ ಅಮೆರಿಕದಲ್ಲೇ ತೀರಿಕೊಂಡ. 2001ರಲ್ಲಿ ಕಾರ್ಬೈಡನ್ನು ಕೊಂಡ ಡೌ ಕೆಮಿಕಲ್‌ಗೆ ಭೋಪಾಲದಿಂದ ಸಮನ್ಸಿನ ಮೇಲೆ ಸಮನ್ಸು ಹೋದವು. 2023ರ ಅಕ್ಟೋಬರದಾಗ ಅದರ ವಕೀಲರು ಬಂದು ನಿಂತರು. ಬಂದು ಹೇಳಿದ್ದು, ಈ ಕೋರ್ಟಿಗೆ ನಮ್ಮ ಮೇಲೆ ಅಧಿಕಾರ ಇಲ್ಲ ಅಂತ. ಸಾವಿರಾರು ಹೆಣದ ಕೇಸಿಗೇ ಇಷ್ಟು ವರ್ಷ ಆದರ, ಯಲಬುರ್ಗಾದ ಒಬ್ಬ ಸೆಂಟ್ರಿಂಗ್ ಕೂಲಿಯವನ ಕೇಸಿಗೆ ಎಷ್ಟು ಅಂತ ನಮ್ಮವರು ಕೈಚೆಲ್ಲಿ ಕೂಡೋದು ತಪ್ಪು ಅಂತ ನಾ ಹೇಳೂದಿಲ್ಲ. ಆದರೆ ಅವನ ಕೇಸಿನ ದಾರಿ ಭೋಪಾಲದ ದಾರಿಗಿಂತ ಸಲೀಸು ಐತಿ.

ಯಾಕಂದ್ರ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು, 1924ರ ಜುಲೈ 1ರಿಂದ ಜಾರಿಯಾತು. ಕೆಲಸದ ಮೇಲೆ ಗಾಯ ಆದರೆ ಮಾಲೀಕನ ತಪ್ಪು ಸಾಬೀತು ಮಾಡುವ ಗೋಜಿಲ್ಲದೆ ಪರಿಹಾರ ಕೇಳುವ ದಾರಿ ಅದು. ಅದರ 12ನೇ ಕಲಮು ಬಂಗಾರದಂಥದ್ದು. ಕಂಪನಿ ತನ್ನ ಕೆಲಸವನ್ನು ಗುತ್ತಿಗೆದಾರನಿಗೆ ಕೊಟ್ಟಿದ್ದರೂ, ಗುತ್ತಿಗೆದಾರನ ಆಳು ಅಲ್ಲಿ ಗಾಯಗೊಂಡರೆ ಮೂಲ ಕಂಪನಿಯೇ ಪರಿಹಾರ ಕೊಡಬೇಕು. ಆಮೇಲೆ ಬೇಕಾದರೆ ಅದು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಗುತ್ತಿಗೆದಾರನ ಮೊಬೈಲು ಅವತ್ತೇ ಸ್ವಿಚ್ ಆಫ್ ಆಗ್ತದ, ಮೂಲ ಕಂಪನಿಯ ವಿಳಾಸ ಎಲ್ಲಿಗೂ ಓಡಿ ಹೋಗಂಗಿಲ್ಲ.

ಆದರೆ ಈ ಕಾಯ್ದೆಗೂ ಎಪ್ಪತ್ತು ವರ್ಷ ಒಂದು ಗೂಟ ಇತ್ತು. ಅಪಘಾತ ಎಲ್ಲಿ ಆತೋ ಅಲ್ಲಿಯ ಆಯುಕ್ತರ ಮುಂದೆಯೇ ಅರ್ಜಿ ಹಾಕಬೇಕು. ಗೋವಾದಾಗ ಬಿದ್ದವನು ಗೋವಾಕ್ಕೇ ಹೋಗಬೇಕು. ಗಂಡ ಸತ್ತ ಹೆಣ್ಮಗಳು ಕೂಸು ಕಟ್ಟಿಕೊಂಡು ಪ್ರತಿ ವಾಯಿದೆಗೆ ಪರಭಾಷೆಯ ಊರಿಗೆ ಬಸ್ಸು ಹತ್ತಬೇಕು. ಎರಡನೇ ವಾಯಿದೆಗೇ ಕೇಸು ಬಿಟ್ಟುಬಿಡ್ತಿದ್ದರು, ಕಂಪನಿಗೆ ಬೇಕಾಗಿದ್ದೂ ಅದೇ. ಮೋಟಾರು ಅಪಘಾತಕ್ಕೂ ಇದೇ ಗೂಟ. 1939ರ ಕಾಯ್ದೆಯಲ್ಲೂ ಅಪಘಾತ ನಡೆದ ಜಾಗದ ಟ್ರಿಬ್ಯೂನಲ್ಲೇ ಗತಿ. ಗಂಗಾವತಿಯಿಂದ ಅಕ್ಕಿ ಲಾರಿ ಮೇಲೆ ಹೋದ ಹಮಾಲ ಎಲ್ಲೋ ಹೊರರಾಜ್ಯದ ಹೆದ್ದಾರಿಯಲ್ಲಿ ಸತ್ತರೆ ಅವನ ಹೆಂಡತಿ ಅಲ್ಲಿಗೇ ಹೋಗಬೇಕಿತ್ತು.

ಮೋಟಾರು ಕಾಯ್ದೆಯ ಗೂಟ ಕಿತ್ತದ್ದು 1994ರ ನವೆಂಬರ್ 14ರಿಂದ. ಕಾರ್ಮಿಕರ ಕಾಯ್ದೆಯದು 1995ರ ಸೆಪ್ಟೆಂಬರ್ 15ರಿಂದ. ಅಂದಿನಿಂದ ಅಪಘಾತವಾದ ಜಾಗ ಇಲ್ಲವೇ ಅರ್ಜಿದಾರ ವಾಸಿಸುವ ಜಾಗ, ಎರಡರಲ್ಲಿ ಯಾವುದಾದರೂ ಆರಿಸಿಕೊಳ್ಳಬಹುದು. ಮಾಲೀಕನ ನೋಂದಾಯಿತ ಕಚೇರಿ ಇರುವ ಜಾಗವೂ ನಡೀತದ. ಅಂದ್ರ ಸತ್ತವನ ಹೆಂಡತಿ ಕೊಪ್ಪಳದಲ್ಲೇ ಅರ್ಜಿ ಹಾಕಬಹುದು, ಕಂಪನಿಯೇ ಇಲ್ಲಿಗೆ ಬರಬೇಕು. ಅಪಘಾತವಾದ ಜಾಗದ ಆಯುಕ್ತರಿಗೆ ಒಂದು ತಿಳಿವಳಿಕೆ ಪತ್ರ ಕಳಿಸಿದರೆ ಆತು. 2007ರಲ್ಲಿ ಸುಪ್ರೀಂ ಕೋರ್ಟು ಮೋರ್ಗಿನಾ ಬೇಗಂ ಪ್ರಕರಣದಲ್ಲಿ, ಗುಳೆ ಹೋಗುವ ಬಡ ಕಾರ್ಮಿಕರ ಅನುಕೂಲಕ್ಕೇ ಈ ತಿದ್ದುಪಡಿ ಬಂದದ್ದು ಅನ್ನೋ ನಿಲುವನ್ನೇ ಹಿಡೀತು. ಈ ಹೆಣ್ಮಗಳ ಹೆಸರು ನಮ್ಮ ಸಂಘಟನೆಗಳ ಕ್ಯಾಲೆಂಡರಿನಾಗ ಇರಬೇಕಿತ್ತು ಅಂತ ನನಗ ಅನ್ನಿಸ್ತದ. 1923ರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಜಾಗ ಆರಿಸುವ ಹಕ್ಕು ಅಲ್ಲೂ ಉಳಿದಿದೆ. ಇಎಸ್‌ಐ ಇದ್ದವರ ದಾರಿ ಮಾತ್ರ ಬೇರೆ. ಮೋಟಾರು ಅಪಘಾತಕ್ಕೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದದ, ಕಾರ್ಮಿಕ ಪರಿಹಾರಕ್ಕೆ ಎರಡು ವರ್ಷ. ಪಂಚಾಯ್ತಿಕಟ್ಟೆ ರಾಜಿ ಅಂತ ಕಾಲ ಕಳೆದವರು ಇಲ್ಲೇ ಮುಳುಗೋದು.

ಅರ್ಜಿ ಇಲ್ಲೇ ಹಾಕಿದ್ದಾತು. ಕಾಗದ ಆ ಕಡೆ ಮುಟ್ಟಬೇಕಲ್ಲ? ನಾನು ಆಫೀಸಿನಾಗ ಆವಕ-ಜಾವಕ ನೋಡುವ ಗುಮಾಸ್ತ. ವಾಪಸ್ ಬಂದ ಲಕೋಟೆಗಳ ಜಾತಕ ನನಗ ಗೊತ್ತು. ‘ಲೆಫ್ಟ್’, ‘ಡೋರ್ ಲಾಕ್ಡ್’, ‘ಇನ್‌ಕಂಪ್ಲೀಟ್ ಅಡ್ರೆಸ್’, ‘ರೆಫ್ಯೂಸ್ಡ್’. ಇದರಾಗ ಕೊನೆಯದು ಬಂದರ ಬ್ಯಾಸರ ಮಾಡಿಕೋಬ್ಯಾಡ್ರಿ, ಅದು ನಮ್ಮ ಪರ. ಬೇಡ ಅಂತ ವಾಪಸ್ ಕಳಿಸಿದವನಿಗೆ ಕಾಗದ ಮುಟ್ಟಿದೆ ಅಂತಲೇ ಕೋರ್ಟು ತೀರ್ಮಾನಿಸಬಹುದು. ತಪ್ಪಿಸಿಕೊಂಡು ತಿರುಗುವವನ ಬಾಗಿಲಿಗೆ ಅಂಟಿಸಬಹುದು, ಕೋರ್ಟಿನ ಅಪ್ಪಣೆ ಇದ್ದರೆ ಪೇಪರಿನಾಗೂ ಹಾಕಿಸಬಹುದು. ಸಿವಿಲ್ ಕೋಡಿನ ಈ ನಿಯಮಗಳು 1924ರ ನಿಯಮಾವಳಿಯ ಮೂಲಕ ಕಾರ್ಮಿಕ ಪರಿಹಾರದ ಅರ್ಜಿಗಳಿಗೂ ಅನ್ವಯ ಆಗ್ಯಾವು. 2002ರ ತಿದ್ದುಪಡಿಯಿಂದ ಕೊರಿಯರ್ ಬಂತು, 2020ರ ಜುಲೈನಲ್ಲಿ ಕೊರೊನಾ ಕಾಲಕ್ಕೆ ಸುಪ್ರೀಂ ಕೋರ್ಟು ಇ-ಮೇಲು, ವಾಟ್ಸಾಪಿಗೂ ದಾರಿ ಬಿಡ್ತು.

ನಿಜವಾದ ಶತ್ರು ‘ಇನ್‌ಕಂಪ್ಲೀಟ್ ಅಡ್ರೆಸ್’. ಹಿಂದ ಒಂದು ಕೇಸಿನಾಗ ಸೈಟಿನ ತಗಡಿನ ಶೆಡ್ಡಿನ ವಿಳಾಸಕ್ಕೆ ಮೂರು ಸಲ ನೋಟಿಸು ಹೋಗಿ ಮೂರು ಸಲವೂ ವಾಪಸ್ ಬಂದದ್ದು ನೋಡೀನಿ. ಕಟ್ಟಡ ಮುಗಿದು ಶೆಡ್ಡು ಕಿತ್ತು ವರ್ಷ ಆಗಿತ್ತು. ಶೆಡ್ಡಿಗೆ ನೋಟಿಸು ಕಳಿಸಿದರ ಯಾರು ತಗೋತಾರ? ಕಳಿಸಬೇಕಾದ್ದು ನೋಂದಾಯಿತ ಕಚೇರಿಗೆ. 2013ರ ಕಂಪನಿ ಕಾಯ್ದೆಯ 20ನೇ ಕಲಮಿನ ಪ್ರಕಾರ ಅಲ್ಲಿಗೆ ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರ ಕಂಪನಿಗೇ ಕೊಟ್ಟಂಗ.

ಆ ವಿಳಾಸ ಹುಡುಕೂದು ಹೆಂಗ? ಕಂಪನಿಯ ಲೆಟರ್‌ಹೆಡ್, ಬಿಲ್ಲುಗಳ ಮೇಲೆ ನೋಂದಾಯಿತ ವಿಳಾಸದ ಜೊತೆ ಸಿಐಎನ್ ಅನ್ನೋ 21 ಅಕ್ಷರ-ಅಂಕಿಗಳ ನಂಬರು ಇರಲೇಬೇಕು. ಅದರಾಗ 7 ಮತ್ತು 8ನೇದು ರಾಜ್ಯದ ಗುರುತು: ಕೆಎ ಅಂದ್ರ ಕರ್ನಾಟಕ, ಎಂಎಚ್ ಅಂದ್ರ ಮಹಾರಾಷ್ಟ್ರ. ಅದರ ಮುಂದಿನ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಾಗ ಆ ನಂಬರು ಹಾಕಿದರ ವಿಳಾಸ ಸಿಗ್ತದ.

ಕಾಗದ ಯಾವುದೂ ಕೈಯಾಗ ಇಲ್ಲ ಅನ್ನೋರಿಗೆ ಇನ್ನೊಂದು ದಾರಿ. ಅದೇ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪನಿ ವ್ಯವಹಾರ ನಡೆಸುವ ಪ್ರತಿ ಜಾಗದ ಹೊರಗೆ ತನ್ನ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸ ಎದ್ದು ಕಾಣುವಂಗ ಬರೆಸಬೇಕು. ಆ ಸೀಮೆಯ ಜನ ಬಳಸುವ ಭಾಷೆಯ ಲಿಪಿಯಲ್ಲೂ ಬರೆಸಬೇಕು. ಅಂದ್ರ ನಮ್ಮ ಜಿಲ್ಲೆಯಾಗ ಕನ್ನಡದಾಗ. ಗಿಣಿಗೇರಾ, ಹಿರೇಬಗನಾಳ ಕಡೆಯ ಕಾರ್ಖಾನೆಗಳಿಗೆ, ಕುಷ್ಟಗಿಯ ಗ್ರಾನೈಟ್ ಕ್ವಾರಿಗಳಿಗೆ ದಿನಾ ಪಾಳಿ ಮೇಲೆ ಹೋಗುವ ತಮ್ಮಂದಿರು, ತಂಗ್ಯಾರು ಈ ವಾರ ಒಂದು ಕೆಲಸ ಮಾಡ್ರಿ. ಗೇಟಿನ ಮುಂದ ನಿಂತು ಬೋರ್ಡು ಓದ್ರಿ. ವಿಳಾಸ ಇದ್ದರ ಒಂದು ಫೋಟೋ ತೆಗೆದು ಮನ್ಯಾಗ ಇಟ್ಟುಕೊಳ್ರಿ. ಇಲ್ಲದಿದ್ದರ ಆ ಖಾಲಿ ಗೋಡೆಯ ಫೋಟೋ ತೆಗೆದು ನನಗ ಕಳಿಸ್ರಿ. ಕಂಪನಿ ರಿಜಿಸ್ಟ್ರಾರರಿಗೆ ಅರ್ಜಿ ಬರೆಯೂದು ನನ್ನ ಪಾಲಿಗಿರಲಿ.

ಜೈಭೀಮ್.